ಹದಿನಾಲ್ಕನೇ ಕಾಲಂ

ನವನಗರದ ಓಣಿಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರಿದೆ.
ಹಳೇ ಬಾಗಲಕೋಟೆ ಹಿನ್ನೀರಿಗೆ ಹೋದಾಗ
ಹೆಸರುಗಳೂ ಹೋದವು ಅಂತಾರೆ.
ನನಗದು ಅನುಕೂಲ. ನನ್ನದೂ ನಂಬರಿನ ಕೆಲಸ.

ನಿರುದ್ಯೋಗ ಭತ್ಯೆ ಪಡೆವವರಲ್ಲಿ
ಚೀಟಿ ಎತ್ತಿದಾಗ ಹೆಸರು ಬಂದವರು
ಮಂಗಳವಾರ ಮಂಗಳವಾರ ಇಲ್ಲಿ ಎರಡು ತಾಸು ಕೂಡಬೇಕು,
ಕೆಲಸ ಹುಡುಕುವುದು ಹೇಗೆಂದು ಕಲಿಯಬೇಕು.
ಬರದಿದ್ದರೆ ಆ ತಿಂಗಳ ರೊಕ್ಕ ಇಲ್ಲ.
ಚೀಟಿ ಬಾರದವರು ಮನೆಯಲ್ಲಿರಬಹುದು.
ಇದರಿಂದ ಉಪಯೋಗ ಆಯಿತೋ ಇಲ್ಲವೋ
ಹೇಳಬೇಕಾದವಳು ನಾನು. ಗುತ್ತಿಗೆ ಆರು ತಿಂಗಳು,
ಬಿರುಕುಬಿಟ್ಟ ಟ್ಯಾಬು, ಎರಡು ಯಾದಿ.

ಹಿಪ್ಪರಗಿ ಸರ್ ಒಳ್ಳೆಯವರು, ದನಿ ದೊಡ್ಡದು.
‘ಕೈ ಕಟ್ಟಿ ಕೂಡಬ್ಯಾಡ್ರಿ. ಕಣ್ಣಾಗ ಕಣ್ಣಿಟ್ಟು ಮಾತಾಡ್ರಿ.
ನಿಮ್ಮ ಕೊರತಿ ಏನಂತ ಕೇಳಿದ್ರ
ಅದನ್ನೂ ಗುಣಾನ ಮಾಡಿ ಹೇಳ್ರಿ.’
ಹಿಂದಿನ ಬೆಂಚಿನಿಂದ ಒಬ್ಬ:
‘ನಮ್ಮೂರಿಂದ ಬಸ್ಸು ಎಂಟಕ್ಕೊಂದು, ಹನ್ನೊಂದಕ್ಕೊಂದು ಸರ.
ಇದನ್ನ ಗುಣ ಹ್ಯಾಂಗ ಮಾಡೂದ್ರಿ?’
ನಗೆ ಅಡಗುವವರೆಗೆ ಸರ್ ಬೋರ್ಡು ಒರೆಸಿದರು.
ಅದಕ್ಕೆ ನನ್ನ ಫಾರಂನಲ್ಲಿ ಜಾಗ ಇರಲಿಲ್ಲ.

ಗುಳೇದಗುಡ್ಡದ ದಾನಮ್ಮ ಕುಳಗೇರಿ, ಬಿ.ಎ.,
ಮೊದಲ ವಾರ ತನ್ನ ಹೆಸರನ್ನು ನೆಲಕ್ಕೆ ಹೇಳಿದಳು,
ಐದನೇ ವಾರ ನನಗೆ.
ಎಂಟನೇ ವಾರ ಬರಲಿಲ್ಲ; ಖಣದ ಅಂಗಡಿಯಲ್ಲಿ
ಬಿಲ್ ಮಾಡುವ ಕುರ್ಚಿ ಸಿಕ್ಕಿತ್ತು.
ಕಾಲಂ ಹದಿನಾಲ್ಕು, ಕೆಲಸ ಸಿಕ್ಕಿತೆ: ಹೌದು.
ಅವತ್ತು ಎಲ್ಲರಿಗೂ ಚಹಾ ನಾನೇ ತರಿಸಿದೆ.

ಎರಡನೇ ಯಾದಿ ಹಿಡಿದು ಅದೇ ಊರಿಗೆ ಹೋದೆ.
ರೇಷ್ಮಾ ನದಾಫ, ಬಿ.ಕಾಂ., ಚೀಟಿ ಬಾರದವಳು,
ಮೊರದ ತುಂಬ ಶೇಂಗಾ ಸುಲಿಯುತ್ತ ಕೂತಿದ್ದಳು.
‘ಆ ಅಂಗಡ್ಯಾಗ ನಾ ಎರಡು ದಿನ ಕುಂತು ಬಿಲ್ ಹರದೀನ್ರಿ.
ಮೂರನೇ ದಿನ ಬರಬ್ಯಾಡ ಅಂದ್ರು.
ಚಂದಾಗಿ ಮಾತಾಡೂ ಹುಡುಗಿ ಸಿಕ್ಕಾಳಂತ.’
ಸಿಟ್ಟಿರಲಿಲ್ಲ. ಒಂದು ಹಿಡಿ ಕಾಳು ನನ್ನ ಕೈಗಿಟ್ಟಳು.

ಕಾಲಂ ಹದಿನಾಲ್ಕು: ಇಲ್ಲ.

ಬರೆದ ಮೇಲೆ ಬೆರಳು ಅಲ್ಲೇ ನಿಂತಿತು.
ಒಂದು ಕಡೆ ಒಂದು ಏರಿತು,
ಇನ್ನೊಂದು ಕಡೆ ಒಂದು ಏರದೆ ಉಳಿಯಿತು.
ಅಂತರ ಎರಡಾಯಿತು. ವರದಿಗೆ ಬಲು ಚಲೋ.
ಅಂಗಡಿಯಲ್ಲಿ ಕುರ್ಚಿ ಮಾತ್ರ
ಮೊದಲೂ ಒಂದಿತ್ತು, ಈಗಲೂ ಒಂದೇ.

ಕಲಿತದ್ದು ಸುಳ್ಳಲ್ಲ. ಆ ಹುಡುಗಿಯ ಎತ್ತಿದ ತಲೆ
ನಾನು ಕಣ್ಣಾರೆ ಕಂಡದ್ದು.
ಸುಳ್ಳು ಎಲ್ಲಿದೆ ಅಂತ ಕೇಳಿದರೆ
ನನ್ನ ಕೂಡಿಸುವ ಕಳೆಯುವ ಗೆರೆಯಲ್ಲೇ ಎಲ್ಲೋ.

ಏಳುವಾಗ ರೇಷ್ಮಾ ಕೇಳಿದಳು:
‘ಅಲ್ಲಿ ಏನ್ ಕಲಸ್ತಾರಕ್ಕಾ?’
ಹೇಳಬಾರದು. ಕರೆಯದವರಿಗೆ ಕಲಿಸಿದರೆ
ಲೆಕ್ಕ ಕೆಡುತ್ತದೆ, ಮೊದಲ ದಿನವೇ ತಾಕೀತು.

ಮತ್ತೆ ಕೂತೆ.
‘ಒಂದನೇದು,’ ಅಂದೆ, ‘ಕೈ ಕಟ್ಟಿ ಕೂಡಬ್ಯಾಡ.’
ಅವಳು ಕೈ ಬಿಡಿಸಿ ನೋಡಿಕೊಂಡಳು.
ಕಟ್ಟಿರಲಿಲ್ಲ. ತುಂಬ ಸಿಪ್ಪೆ ಇತ್ತು.