ನಲವತ್ತು ಪೀಸು

ಪಾಸ್ಟರಮ್ಮ ಕೂಟದಲ್ಲಿ ಕೇಳಿದರು:
ಈ ವಾರ ಎಷ್ಟು ಮಂದಿಗೆ ಸುವಾರ್ತೆ ಹೇಳಿದಿರಿ?
ಎಸ್ತೇರಮ್ಮ ಮೂರು ಬೆರಳೆತ್ತಿದಳು. ಜ್ಞಾನಮಿತ್ರ, ಎರಡು.
ನನ್ನ ಕೈ ಮಡಿಲಲ್ಲೇ ಇತ್ತು,
ಉಗುರ ಸಂದಿಯಲ್ಲಿ ಜೀನ್ಸಿನ ನೀಲಿ.

ಹೇಳಿದ್ದೆ ಒಬ್ಬಳಿಗೆ, ಹೋದ ವರ್ಷ.
ಪಕ್ಕದ ಮಷೀನಿನ ಹುಲಿಗೆಮ್ಮನಿಗೆ ಕರಪತ್ರ ಕೊಟ್ಟಿದ್ದೆ.
ಓದಿದಳೋ ಇಲ್ಲವೋ,
ನಾಲ್ಕು ಮಡಿಕೆ ಮಾಡಿ ಮಷೀನಿನ ಕಾಲ ಕೆಳಗಿಟ್ಟಳು.
ಅಲುಗಾಡುತ್ತಿತ್ತಂತೆ.
ಬಳ್ಳಾರಿಯಲ್ಲವೇ, ಬೀಜ ಬಂಡೆಯ ಮೇಲೇ ಬಿತ್ತು
ಎಂದುಕೊಂಡು ಪಾಕೆಟ್ಟು ಹೊಲಿಯುತ್ತ ಹೋದೆ.

ಹಾಗಂತ ಜಗಳವೇನಿಲ್ಲ.
ತಗಡಿನ ಶೆಡ್ಡು ಕಾದು ಹಂಚಾದಾಗ
ಅವಳ ಬಾಟಲಿಯ ನೀರೇ ನಾನು ಕುಡಿಯುತ್ತಿದ್ದುದು.
ಕರೆಂಟು ಹೋದರೆ ಅತ್ತೆಯ ಹಾಗೆ ಕೆಮ್ಮಿ ತೋರಿಸಿ ನಗಿಸುತ್ತಿದ್ದಳು.

ಒಂದು ಶನಿವಾರ, ಬಟವಾಡೆಯ ದಿನ,
ಮಗನಿಗೆ ಜ್ವರವೆಂದು ಮಧ್ಯಾಹ್ನವೇ ಎದ್ದುಹೋದಳು.
ಅವಳು ಹೊಲಿದಿಟ್ಟ ಬಂಡಲ್ಲು, ನಲವತ್ತು ಪೀಸು,
ನನ್ನ ರಾಶಿಗೆ ಆತುಕೊಂಡಿತ್ತು.
ಮೇಸ್ತ್ರಿ ಎಣಿಸಿ ನನ್ನ ಹೆಸರಿಗೆ ಬರೆದ.
ಸುಳ್ಳು ಹೇಳಲಿಲ್ಲ ನಾನು.
ಸುಮ್ಮನಿದ್ದೆ.
ಪೀಸಿಗೆ ಮೂರರಂತೆ ನೂರಿಪ್ಪತ್ತು.
ಅದರಲ್ಲಿ ಹನ್ನೆರಡು ದಶಮಾಂಶವೆಂದು
ಬೇರೆ ತೆಗೆದು ಲಕೋಟೆಗೆ ಹಾಕಿದ್ದೆ, ನೋಡಿ,
ಅಷ್ಟು ಕಟ್ಟುನಿಟ್ಟು.

ಮೂರು ವಾರ ಕಳೆದು ಕರ್ತನ ಭೋಜನದ ಭಾನುವಾರ.
ಸಾಲಿನಲ್ಲಿ ನನ್ನ ಮುಂದೆ ಇನ್ನಿಬ್ಬರು.
ತಟ್ಟೆಯಲ್ಲಿ ಬಿಳಿ ರೊಟ್ಟಿಯ ಚೂರು.
ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗು:
ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿ ಬಹುಮಾನ ಗೆದ್ದ ವಾಕ್ಯ,
ಟಿಫಿನ್ ಡಬ್ಬಿ ಕೊಟ್ಟಿದ್ದರು.
ಈಗ ಅದು ಬಾಯಿಂದ ಕಾಲಿಗಿಳಿಯಿತು.
ಚಪ್ಪಲಿ ಹುಡುಕಿ ಹೊರಬಿದ್ದೆ.
ಎಸ್ತೇರಮ್ಮ ತಿರುಗಿ ನೋಡಿದ್ದು ಬೆನ್ನಿಗೆ ತಿಳಿಯಿತು.

ಕೌಲ್ ಬಜಾರಿನ ಗೇಟು ಬಿದ್ದಿತ್ತು.
ಅದಿರಿನ ಗೂಡ್ಸು. ಎಣಿಸಿದೆ, ಐವತ್ತೆಂಟು ಡಬ್ಬಿ.
ಒಂದೊಂದು ಡಬ್ಬಿಗೆ ಒಂದೊಂದು ಮಾತು ಜೋಡಿಸಿಕೊಂಡೆ.
ಗೇಟು ಏಳುವ ಹೊತ್ತಿಗೆ
ಅಷ್ಟೂ ಮಾತು ಗುಂತಕಲ್ಲಿನ ಕಡೆ ಹೋಗಿತ್ತು.
ಕೆಂಪು ದೂಳು ಮಾತ್ರ ಬಿಳಿ ಸೀರೆಯ ಮೇಲೆ.

ಹುಲಿಗೆಮ್ಮ ಹಂಚಿನ ಮುಂದಿದ್ದಳು.
ಹೇಳಿದೆ. ನೋಟು ಒಲೆಯ ಪಕ್ಕ ಇಟ್ಟೆ.
ರೊಟ್ಟಿಗೆ ನೀರು ಸವರಿದಳು. ತಿರುವಿಹಾಕಿದಳು.
"ಗೊತ್ತೈತಿ," ಅಂದಳು.
"ಲೆಕ್ಕದ ಬುಕ್ಕಿನಾಗ ನೋಡೀನಿ. ಓದಾಕ ಬರ್ತೈತಿ ನನಗ."
ಮತ್ತೆ ಯಾಕೆ ಕೇಳಲಿಲ್ಲ?
"ಅವತ್ತು ಔಷಧಕ್ಕ ರೊಕ್ಕ ಇರಲಿಲ್ಲ. ಮೂಗುತಿ ಇಟ್ಟು ತಂದೆ.
ನೀನಾಗೇ ಹೇಳ್ತೀಯೇನು ಅಂತ ನೋಡಿದೆ.
ಮೂರು ವಾರ ನೋಡಿದೆ."

ಆಗ ಕಂಡಿತು ಅವಳ ಮೂಗಿನ ತೂತು.
ಮುಚ್ಚಿಹೋಗದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.
ಎರಡು ಮೊಳ ದೂರದಲ್ಲಿ, ಮೂರು ವಾರ ಕೂತು,
ನಾನು ಅದನ್ನು ನೋಡಿರಲಿಲ್ಲ.

ಕ್ಷಮಿಸು ಎಂದದ್ದಕ್ಕೆ ಏನೂ ಹೇಳಲಿಲ್ಲ.
"ಯಾರು ಕಳಿಸಿದ್ರು ನಿನ್ನ?"
ಕರಪತ್ರದ ಸಾಲೆಲ್ಲ ನಾಲಿಗೆ ತುದಿಗೆ ಬಂದು ನಿಂತವು.
ನಾ ನಂಬಿದಾತ, ಎಂದೆ. ಅಷ್ಟೆ.
"ಮೂರು ವಾರ ತಡ ಮಾಡ್ಯಾನ."
ಆತ ಅಂದೇ ಹೇಳಿದ್ದ. ತಡ ನನ್ನದು.

"ಕುಂದ್ರು," ಅಂದಳು ಎಷ್ಟೋ ಹೊತ್ತಿನ ಮೇಲೆ.
ಬಿಸಿ ಜೋಳದ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು,
ಮೇಲೆ ಗುರೆಳ್ಳು ಪುಡಿ.
ಅವಳ ಬೆರಳೂ ನೀಲಿ.
ನಾನು ತಲೆತಗ್ಗಿಸಿ ಕಣ್ಣುಮುಚ್ಚಿದೆ.
ಅವಳು ತನ್ನ ತುತ್ತು ಕೈಯಲ್ಲೇ ಹಿಡಿದು ಕಾದಳು.

ಮುಂದಿನ ಬುಧವಾರ ಅದೇ ಕೂಟ, ಅದೇ ಪ್ರಶ್ನೆ.
ಬೆರಳೆತ್ತಲಿಲ್ಲ.
ಯಾರು ಯಾರಿಗೆ ಹೇಳಿದಂತಾಯಿತು, ಲೆಕ್ಕ ಹತ್ತಲಿಲ್ಲ.

ಮಷೀನಿನ ಕಾಲಡಿಯ ಕಾಗದ ಎಣ್ಣೆ ಕುಡಿದು ಕಪ್ಪಾಗಿದೆ.
ಮೂಗುತಿ ಇನ್ನೂ ಬಿಡಿಸಿಕೊಂಡಿಲ್ಲ.
ಶನಿವಾರ ಎದ್ದುಹೋಗುವ ಮುಂಚೆ ಹುಲಿಗೆಮ್ಮ
ತನ್ನ ಬಂಡಲ್ಲು ಎರಡು ಸಲ ಎಣಿಸುತ್ತಾಳೆ,
ನನ್ನೆದುರೇ, ಗಟ್ಟಿಯಾಗಿ.
ಎಣಿಸಲಿ.