ರವಿವಾರ ಪೇಠೆಯಲ್ಲಿ ನಲವತ್ತು ನಿಮಿಷ

ಪುಣೆಯ ಈ ಪೇಠೆಯ ಹೆಸರಲ್ಲೇ ರವಿ ಇದ್ದಾನೆ.
ನನ್ನ ಅಂಗಡಿಯ ಗಲ್ಲಿಗೆ ಮಾತ್ರ
ಹನ್ನೆರಡು ಹತ್ತಕ್ಕೆ ಬಂದು
ಹನ್ನೆರಡು ಐವತ್ತಕ್ಕೆ ಎದ್ದುಬಿಡುತ್ತಾನೆ,
ಮುನಿಸಿಕೊಂಡ ಬೀಗರ ಮನೆಯಲ್ಲಿ
ಬರೀ ಚಹಾ ಕುಡಿದವನ ಹಾಗೆ.

ಅದು ನನಗೂ ಗೊತ್ತಿರಲಿಲ್ಲ,
ಹದಿನೇಳು ವರ್ಷ ತಲೆ ತಗ್ಗಿಸಿ
ಬ್ಯಾಗಿನ ಜಿಪ್ಪು, ಟೆಂಟಿನ ಹರಕು ಹೊಲಿದವಳಿಗೆ,
ಋತುಜಾ ಪಾಯಗುಡೆ ಎಂಬ ಹುಡುಗಿ
ಆ ಕರೀ ವಸ್ತುವನ್ನು ತಂದು
ಮಶಿನ್ನಿನ ಮೇಲೆ ಬಿಚ್ಚುವ ತನಕ.

ನಾಲ್ಕು ಮಡಿಕೆ.
ಮಡಚಿದರೆ ಸಾಲಿಯ ಪಾಟಿಯಷ್ಟು,
ಬಿಚ್ಚಿದರೆ ಕೂಸಿನ ಕೌದಿಯಷ್ಟು.
ತೋರಣಾ ಗಡದ ಮೇಲೆ ಗಾಳಿ ಎತ್ತಿ
ಬಂಡೆಗೆ ಬಡಿದಿತ್ತಂತೆ.
ಸೋಲಾರಿಗೇನೂ ಆಗಿಲ್ಲ, ಸೀಳಿದ್ದು ಬಟ್ಟೆ.
'ಕಂಪನಿಯವರು ಹೊಸದು ತಗೊಳ್ಳಿ ಅಂತಾರೆ, ಮಾವಶೀ.'
ಅನ್ನಲಿ.
ಕಂಪನಿಯವರಿಗೆ ಹೊಲಿಯಲು ಬರುವುದಿಲ್ಲ.

ಮಡಿಕೆಯಿಂದ ಮಡಿಕೆಗೆ
ಬಟ್ಟೆಯೊಳಗೇ ತಂತಿ ಹಾಯುತ್ತದೆ.
ಬೆರಳಿಂದ ಒತ್ತಿ ಒತ್ತಿ ನೋಡಿದೆ, ಸೂಲಗಿತ್ತಿಯ ಹಾಗೆ.
ಅಲ್ಲಿ ಮಶಿನ್ನು ನಡೆಯದು.
ಹದಿನೆಂಟರ ಸೂಜಿ, ನೈಲಾನು ದಾರ, ಕೈಹೊಲಿಗೆ.
ಹರಿದ ಮೂಲೆಗೆ ಕರೀ ಬಟ್ಟೆ ಸಿಗದೆ
ಗುಳೇದಗುಡ್ಡದ ಹಸಿರು ಖಣದ ತುಂಡು ಹಚ್ಚಿದೆ.
ನಮ್ಮೂರ ಬಿಸಿಲಿಗೇ ಬಾಡದ ಬಣ್ಣ,
ಇವರ ಗುಡ್ಡದ ಬಿಸಿಲೇನು ಮಾಡೀತು?

ಹೊಲಿದದ್ದೇನೋ ಹೊಲಿದೆ,
ಜೀವ ಇದೆಯೋ ಇಲ್ಲವೋ ನೋಡಬೇಕಲ್ಲ.
ಎದುರಿನ ಮೊಬೈಲು ರಿಪೇರಿಯ ಶಫೀಕ
ಒಂದು ಪುಟ್ಟ ಫ್ಯಾನು ತಂದು ಸಿಕ್ಕಿಸಿದ.
ಗಲ್ಲಿಯ ಕಲ್ಲಿನ ಮೇಲೆ ಹಾಸಿದೆವು.
ಫ್ಯಾನು ಒಮ್ಮೆ ನಡುಗಿತು, ನಿಂತಿತು.
ಕತ್ತೆತ್ತಿದರೆ ಮೂರನೇ ಮಹಡಿಯಲ್ಲಿ
ಇಂದುಮತಿ ಆಜಿಯ ಒಂಬತ್ತು ಗಜದ ಸೀರೆ ಒಣಗುತ್ತಿದೆ;
ಅದರ ಸೆರಗಿನ ನೆರಳು
ಒಂದೇ ಮಡಿಕೆಯ ಮೂಲೆಗೆ,
ಇಷ್ಟೇ, ಅಂಗೈ ಅಗಲ.

ಅಂಗೈ ಅಡ್ಡ ಹಿಡಿದರೆ ಸೂರ್ಯ ಮರೆಯಾಗ್ತಾನೇನ
ಅನ್ನುತ್ತಿದ್ದಳು ನಮ್ಮವ್ವ,
ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗೆಲ್ಲ.
ಆಗ್ತಾನ, ಯವ್ವಾ.
ಒಂದು ಮೂಲೆಗೆ ನೆರಳು ಬಿದ್ದರೆ ಸಾಕು,
ನಾಲ್ಕೂ ಮಡಿಕೆ ಕೂಡಿಯೇ ಮಂಕಾಗುತ್ತವೆ,
ಒಬ್ಬರು ಉಣ್ಣದಿದ್ದರೆ
ಯಾರೂ ಉಣ್ಣದ ಮನೆಯ ಹಾಗೆ.

ಕೂಗಿದೆ. ಆಜಿಗೆ ಕಿವಿ ಮಂದ.
ಶಫೀಕ ಮೆಟ್ಟಿಲು ಹತ್ತಿ ಹೋಗಿ
ಸೂರ್ಯ, ಸೀರೆ, ಗಡಿಯಾರ ಮೂರನ್ನೂ
ಕೈಸನ್ನೆಯಲ್ಲೇ ತೋರಿಸಿದ.
ಏನು ತಿಳಿದುಕೊಂಡಳೋ, ಸೀರೆ ಎಳೆದುಕೊಂಡಳು.
ಫ್ಯಾನು ತಿರುಗಿತು. ನನ್ನ ಕೂದಲು ಹಾರಿತು.

ಶನಿವಾರ ಬರುತ್ತೇನೆಂದವಳು
ಹನ್ನೊಂದು ದಿನ ಬರಲಿಲ್ಲ.
ದಿನಾ ಹನ್ನೆರಡು ಹತ್ತಕ್ಕೆ ಸೀರೆ ಸರಿಯುವುದು,
ನಾವು ಹಾಸುವುದು.
ಹಮಾಲ ದತ್ತೋಬನ ಬ್ಯಾಟರಿ ಬಂತು,
ಯಾರದೋ ರೇಡಿಯೋ ಬಂತು.
ಐದನೆಯ ದಿನ ಹಗ್ಗ ಕಟ್ಟಿದ ಬುಟ್ಟಿಯಲ್ಲಿ
ಇಳಿಯಿತು ಆಜಿಯ ಕಿವಿಯ ಯಂತ್ರ.
ಮಗ ಕೊಡಿಸಿದ್ದು, ಎರಡು ವರ್ಷದಿಂದ ಕಪಾಟಿನಲ್ಲಿತ್ತಂತೆ.
ಆಕೆಯ ಮನೆಯಲ್ಲಿ ಕರೆಂಟಿಗೇನೂ ಬರವಿಲ್ಲ.
ಆದರೂ ಬಿಸಿಲು ತುಂಬಿದರೆ
ಬೇರೆ ಥರ ಕೇಳಿಸುತ್ತದಂತೆ.

ಋತುಜಾ ಬಂದು ಖಣದ ತುಂಡು ನೋಡಿ ನಕ್ಕಳು,
ಫೋಟೋ ತೆಗೆದಳು. ಎಷ್ಟು, ಅಂದಳು.
ಹೊಲಿಗೆಗೆ ನೂರಾ ಇಪ್ಪತ್ತು.
ಹನ್ನೊಂದು ದಿನದ ಬಿಸಿಲಿಗೆ
ಯಾರು ಯಾರಿಗೆ ಕೊಡಬೇಕೋ ಲೆಕ್ಕ ಹತ್ತಲಿಲ್ಲ.
ಮಡಚಿ ಹೆಗಲಿಗೇರಿಸಿದಳು.
ಈ ಸಲ ರಾಜಗಡವಂತೆ.

ಮರುದಿನ ಹನ್ನೆರಡು ಹತ್ತಕ್ಕೆ
ಮೇಲೆ ಸೀರೆ ತಾನಾಗಿ ಸರಿಯಿತು.
ಕಲ್ಲಿನ ಮೇಲೆ ಚೌಕ ಬಿಸಿಲು, ಖಾಲಿ.
ಬೇಡ ಆಜಿ, ಇನ್ನು ಬೇಕಾಗಿಲ್ಲ
ಎನ್ನಲು ಬಾಯಿ ತೆರೆದವಳು
ಈಗ ಆಕೆಗೆ ಕೇಳಿಸುತ್ತದಲ್ಲ
ಎಂದು ನೆನಪಾಗಿ ಸುಮ್ಮನಾದೆ.

ಸ್ಟೂಲು ತಂದು ಅಲ್ಲೇ ಕೂತೆ,
ಯಾರದೋ ಬ್ಯಾಗು ಮಡಿಲಲ್ಲಿ.
ಕಣ್ಣಿಗೆ ಹೊಡೆಯುತ್ತದೆ ಈ ಬಿಸಿಲು.
ಸೂಜಿಗೆ ದಾರ ಪೋಣಿಸಲು
ಏನೂ ಅಡ್ಡಿಯಿಲ್ಲ.