ಕಡೇಮನಿ ಮಾಸ್ತರ ಕರಡಚ್ಚು

ಮೂವತ್ತೊಂದು ವರ್ಷ ಗದಗಿನ ಪ್ರೆಸ್ಸಿನ್ಯಾಗ
ಮಂದಿ ತಪ್ಪು ಹುಡುಕಿ ಪಗಾರ ತಿಂದಾಕಿ ನಾನು.
ಪಂಚಾಂಗ, ಲಗ್ನಪತ್ರ, ಸೊಸೈಟಿ ವರದಿ,
ತೀರಿಹೋದವರ ಹ್ಯಾಂಡ್‌ಬಿಲ್ಲು.
ಒತ್ತಕ್ಷರ ಜಾರಿದ್ರ ಕತ್ತಲದಾಗೂ ಕೈಗೆ ಹತ್ತತಿತ್ತು.

ಅದಕ್ಕ ಬಂದ್ರು ಡ್ರಿಲ್ ಮಾಸ್ತರು,
ಬೆಟಗೇರಿಯಿಂದ ಸೈಕಲ್ ಮ್ಯಾಲೆ, ಬಿಸಿಲಿಳಿದ ಮ್ಯಾಲೆ,
ಅಂಗಿಯೊಳಗ ನಾಲ್ಕು ಮಡಿಕಿಯ ಹಾಳಿ.
"ಯಾರಿಗೂ ತೋರಸಬ್ಯಾಡ ಅಂದಾರ, ಅಂಬಕ್ಕ.
ಆದ್ರ ನೀವು ತಿದ್ದಾವ್ರು. ಮಂದ್ಯಾಗ ಬರೂದಿಲ್ಲ."

ಲಂಡನ್ನಿನ ವಕೀಲ ಕನ್ನಡದಾಗ ಬರ್ದಿದ್ದ.
ಎಂಥಾ ಕನ್ನಡ!
'ಪ್ರೀತಿಯ ಆತ್ಮೀಯ ಫಲಾನುಭವಿಯೇ,
ನಿಮ್ಮ ಕೊನೆಯ ಹೆಸರಿನ ಶ್ರೀ ರಾಬರ್ಟ್ ಕಡೇಮನಿ
ವಿಮಾನದಿಂದ ಮರಣವನ್ನು ಮಾಡಿದ್ದಾರೆ.
ವಾರಸುದಾರ ಶೂನ್ಯ.'
ನಲವತ್ತು ಕೋಟಿ ಬ್ಯಾಂಕಿನ್ಯಾಗ ಕುಂತೈತಂತ.
ಬಿಡಸ್ಕೊಳ್ಳಾಕ ಹದಿನೆಂಟು ಸಾವಿರ ಫೀ,
ಇಪ್ಪತ್ನಾಲ್ಕು ತಾಸಿನೊಳಗ.

ಕೆಂಪು ಪೆನ್ಸಿಲ್ ತಗದೆ. ಹಳೇ ಚಟ.
ವಕೀಲನ ಹೆಸರು ಒಂದು, ಮೇಲಿನ ವಿಳಾಸದಾಗ ಮತ್ತೊಬ್ಬಂದು: ಗೆರಿ.
'ಗುಟ್ಟು' ಅಂದಲ್ಲಿ ಗೆರಿ. 'ತುರ್ತು' ಅಂದಲ್ಲಿ ಎರಡು.
ಹದಿನೆಂಟು ಸಾವಿರಕ್ಕ ಸುತ್ತ ಗೋಲ ಹಾಕಿ ಕೇಳಿದೆ:
"ಸರ, ನಲವತ್ತು ಕೋಟಿ ಕೈಯಾಗ ಹಿಡ್ಕೊಂಡಾಂವ
ತನ್ನ ಫೀ ಅದರಾಗ ಯಾಕ ಮುರ್ಕೊಳ್ಳವಲ್ಲ?"

ಮಾಸ್ತರು ಗೋಡಿ ನೋಡಿದ್ರು.
"ಸೋಮವಾರ ಎಂಟು ಸಾವಿರ ಕಳಿಸೀನಿ. ಇದು ಎರಡನೇದು."
ಆಮ್ಯಾಲೆ, ಭಾಳ ಹೊತ್ತಿಗೆ:
"ಹಂಗಾರ ಅಂವ ಸತ್ತಿಲ್ಲೇನು?"
"ಯಾರ್ರಿ?"
"ರಾಬರ್ಟ."
"ಹುಟ್ಟೇ ಇಲ್ರಿ, ಸರ."
"ಮೂರು ದಿನಾ ದೀಪ ಹಚ್ಚೀನಿ.
ನಮ್ಮ ಹೆಸರಿನ ಹುಡುಗ, ಪರದೇಶದಾಗ,
ಬಾಯಿಗೆ ನೀರು ಬಿಡಾಕ ಯಾರೂ ಇರಲಿಲ್ಲಂತ."

ಏನಂತ ಹೇಳ್ಲಿ? ನನ್ನದು ಹೇಳಿದೆ.
ಒಂದು ವರ್ಷ ವೈಶಾಖದಾಗ, ಮೂರು ಸಲ ಓದಿ ಸಹಿ ಮಾಡಿ ಬಿಟ್ಟ ಪತ್ರಿಕಿ
'ಶುಭ ವಿವಾದ' ಅಂತ ಐನೂರು ಅಚ್ಚಾಗಿ ಹೋದ್ವು.
ಕಣ್ಣು ಇದ್ದದ್ದು ಓದೂದಿಲ್ಲ, ಸರ,
ಬೇಕಾದದ್ದು ಓದತೈತಿ.
ಅವರು ನಕ್ಕರು. ಪೂರ್ತಿ ಅಲ್ಲ.

"ಚಲೋತ್ನಾಗಿ ಬೈದು ಒಂದು ಉತ್ತರ ಬರೀಲೇನು?"
"ಬೈಯೂದೂ ಬ್ಯಾಡ್ರಿ.
ಬೈದ್ರ ಈ ಮನ್ಯಾಗ ಮಂದಿ ಅದಾರ ಅಂತ ಗೊತ್ತಾಗತೈತಿ,
ನಾಳೆ ಪೊಲೀಸನಾಗಿ ಬರ್ತಾನ, ಹೋದ ರೊಕ್ಕ ಕೊಡಸ್ತೀನಿ ಅಂತ,
ಅದಕ್ಕೂ ಒಂದು ಫೀ.
ಮೇಲ್ ಅಳಸಬ್ಯಾಡ್ರಿ. ರೊಕ್ಕ ಹೋದ ಚೀಟಿ ತಗೀರಿ.
ಮುಂಜಾನೆ ಬ್ಯಾಂಕು. ಈಗ ಒಂಬತ್ತು ಮೂರು ಸೊನ್ನಿಗೆ
ಮುಂದೊಂದು ಒಂದು ಹಚ್ಚಿ ಫೋನ್ ಮಾಡ್ರಿ."
"ಅಳ್ಯಾಗ?"
"ಅವಂಗ ಯಾವಾಗ ಹೇಳೂದು ನಿಮಗ ಬಿಟ್ಟದ್ದು.
ಆದ್ರ ಹೇಳ್ರಿ. ಗುಟ್ಟು ಅವರ ಬಂಡವಾಳ."

ಫೋನಿನ್ಯಾಗ ಸಂಗೀತ ಬಾರಸ್ತಿತ್ತು.
ಮಾಸ್ತರು ಎದ್ದು ನಿಂತ್ರು, ಹಿಮ್ಮಡ ಕೂಡಿಸಿ, ಎದಿ ಮುಂದ ಮಾಡಿ,
ಮೈದಾನದಾಗ ನಿಂತಂಗ.
ಕಡೀಕ ಒಬ್ಬಾಕಿ ಹುಡಿಗಿ ಧ್ವನಿ: "ನಿಮ್ಮ ಹೆಸರು, ಸರ್? ಸ್ವಲ್ಪ ಬಿಡಿಸಿ ಹೇಳಿ."

"ಕ.
ಡಕ್ಕ ಏತ್ವ, ಮುಂದ ದೀರ್ಘ.
ಮ.
ನಕ್ಕ ಗುಡಸು, ತಂಗಿ."